ಎರಡು ದೋಣಿಗಳ ಲೆಕ್ಕ

ಕಳೆದ ಸಲ ದೀಪಾವಳಿ ಮುಗಿದು ನಾಲ್ಕು ದಿನವಾಗಿತ್ತು. ಬೆಳಗಿನ ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಆಕ್ಲೆಂಡಿನಿಂದ ಅಳಿಯನ ಫೋನು ಬಂತು. ಅಳಿಯನೆಂದರೆ ನನ್ನ ಅಕ್ಕನ ಮಗ. ನ್ಯೂಜಿಲೆಂಡಿಗೆ ಹೋಗಿ ಇಪ್ಪತ್ತು ವರ್ಷ ದಾಟಿತು. ಕೆಲಸದಿಂದ ಬೇಗನೆ ನಿವೃತ್ತಿ ತೆಗೆದುಕೊಂಡು ಹೆಂಡತಿಯ ಜೊತೆ ಹಾಯಿದೋಣಿಯಲ್ಲಿ ಟೋಂಗಾ, ಫಿಜಿ ಅಂತ ದ್ವೀಪ ಸುತ್ತಬೇಕೆಂಬುದು ಅವನ ಬಹುದಿನಗಳ ಆಸೆ.

"ಮಾವ, ಎರಡು ದೋಣಿ ನೋಡಿಟ್ಟಿದ್ದೇನೆ. ಒಂದು ಮೂವತ್ತೆರಡು ಅಡಿ, ಇನ್ನೊಂದು ನಲವತ್ತಮೂರು ಅಡಿ. ಯಾವುದು ಆಗಬಹುದು, ನೀವು ಹೇಳಿ" ಎಂದ.

ನನಗೆ ನಗು ಬಂತು. ನಾನು ಜನ್ಮದಲ್ಲಿ ಚುಕ್ಕಾಣಿ ಹಿಡಿದವನಲ್ಲ. ಮುಂಬಯಿಯ ಕೋಟೆ ಪ್ರದೇಶದ ಒಂದು ಕ್ಲಿಯರಿಂಗ್ ಏಜೆಂಟರ ಆಫೀಸಿನಲ್ಲಿ ಮೂವತ್ತೈದು ವರ್ಷ ಬಿಲ್ಲು ಬರೆದವನು. ಹಡಗುಗಳ ಬಗ್ಗೆ ನನಗೆ ಗೊತ್ತಿದ್ದುದೆಲ್ಲ ಕಾಗದದ ಮೇಲಿನದು. ಆದರೂ ಅವನು ನನ್ನನ್ನು ಯಾಕೆ ಕೇಳಿದ ಎನ್ನುವುದು ನನಗೆ ಗೊತ್ತಿತ್ತು. ನಮ್ಮ ಮನೆತನದಲ್ಲಿ ಈ ಪ್ರಶ್ನೆ ಹಿಂದೊಮ್ಮೆ ಬಂದಿತ್ತು. ಆಗ ಕೊಟ್ಟ ಉತ್ತರ ತಪ್ಪಾಗಿತ್ತು. ಅದರ ಕತೆ ಪೂರ್ತಿ ಗೊತ್ತಿರುವವನು ಈಗ ನಾನೊಬ್ಬನೇ.

ನಮ್ಮ ಅಜ್ಜಯ್ಯ, ಅಂದರೆ ಅಮ್ಮನ ಅಪ್ಪ, ಗಂಗೊಳ್ಳಿಯಲ್ಲಿ ಮಂಜಿ ಇಟ್ಟುಕೊಂಡಿದ್ದವರು. ಈಗಿನ ಹುಡುಗರಿಗೆ ಮಂಜಿಯೆಂದರೆ ಏನೆಂದು ಹೇಳಬೇಕಾದೀತು. ರಸ್ತೆ, ಸೇತುವೆ, ಲಾರಿ ಇಲ್ಲದ ಕಾಲದಲ್ಲಿ ನಮ್ಮ ಕರಾವಳಿಯ ಸರಕೆಲ್ಲ ಸಾಗುತ್ತಿದ್ದುದು ಹಾಯಿ ಕಟ್ಟಿದ ಈ ಮರದ ಹಡಗುಗಳಲ್ಲಿ. ಮಂಗಳೂರಿನ ಹೆಂಚು ಮುಂಬಯಿಯ ಮಾಡು ಏರಿದ್ದು ಮಂಜಿಗಳ ಹೊಟ್ಟೆಯೊಳಗೆ ಕುಳಿತು. ಮಳೆಗಾಲ ಕಳೆದು ನೂಲ ಹುಣ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟರೆ ಮಂಜಿಗಳು ಹೊರಡುವ ಕಾಲ ಶುರು. ಮುಂದಿನ ಮಳೆಗೆ ಮೊದಲು ಅವು ಅಳಿವೆಯ ಒಳಗೆ ಸೇರಿ, ಮಡಲು ಹೊದೆದು ಮಲಗಬೇಕು. ಇದು ಬರೆದಿಟ್ಟ ಕಾನೂನಲ್ಲ, ಆದರೆ ಕಾನೂನಿಗಿಂತ ಗಟ್ಟಿಯಾದದ್ದು.

ಅಜ್ಜಯ್ಯನದು ನೂರಿಪ್ಪತ್ತು ಖಂಡಿಯ ಸಣ್ಣ ಮಂಜಿ. ನಾಲ್ಕು ಖಂಡಿಗೆ ಒಂದು ಟನ್ನಿನ ಲೆಕ್ಕದಲ್ಲಿ ಸುಮಾರು ಮೂವತ್ತು ಟನ್ನಿನದು. ಅದರ ದುಡ್ಡೆಲ್ಲ ತೀರಿತ್ತು. ಆರು ಜನ ಖಲಾಸಿಗಳು, ತಾಂಡೇಲ ಸ್ವತಃ ಅಜ್ಜಯ್ಯನೇ. ಹೀಗಿರುವಾಗ ನಾನೂರು ಖಂಡಿಯ ಒಂದು ದೊಡ್ಡ ಮಂಜಿ ಮಾರಾಟಕ್ಕೆ ಬಂತು. ಅಜ್ಜಯ್ಯ ಎರಡನ್ನೂ ಅಳೆದು ನೋಡಿದರು. ಸಣ್ಣದನ್ನು ಮಾರಿ, ಸಾಲದ ಮೊತ್ತಕ್ಕೆ ಸಾಹುಕಾರರಲ್ಲಿ ಸಾಲ ಎತ್ತಿ, ದೊಡ್ಡದನ್ನು ಕೊಂಡರು. ಮುಂದೆ ಏನಾಯಿತೆಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಅಳಿಯನಿಗೆ ಹೇಳಿದ ಇನ್ನೊಂದು ಕತೆಯನ್ನು ಹೇಳಬೇಕು. ಅದು ನಮ್ಮ ಮನೆಯದಲ್ಲ, ಆದರೆ ಅದಕ್ಕೂ ನಮ್ಮ ಮುಂಬಯಿಗೂ ಗಟ್ಟಿಯಾದ ನಂಟಿದೆ.

ನಾನು ಮುಂಬಯಿಗೆ ಹೋದದ್ದು 1964ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ. ಹಗಲು ಆಫೀಸು, ರಾತ್ರಿ ಕಾಲೇಜು. ಆಫೀಸಿನ ಕೆಲಸಕ್ಕೆಂದು ಕೊಲಾಬಾ ಕಡೆಗೆ ವಾರಕ್ಕೆರಡು ಸಲವಾದರೂ ಓಡಾಡುತ್ತಿದ್ದೆ. ಅದೇ ದಿನಗಳಲ್ಲಿ ಅಲ್ಲಿನ ಒಂದು ಕಾರ್ಖಾನೆಯ ಅಂಗಳದಲ್ಲಿ ತೇಗದ ಮರದ ಒಂದು ಸಣ್ಣ ಹಾಯಿದೋಣಿ ತಯಾರಾಗುತ್ತಿತ್ತಂತೆ. ನಾನದನ್ನು ನೋಡಿದ್ದೆ ಎಂದರೆ ಸುಳ್ಳಾದೀತು. ನೋಡಿದ್ದರೂ ಗಮನಿಸುವಷ್ಟು ಬುದ್ಧಿ ಆಗ ಇರಲಿಲ್ಲ. ಅದರ ವಿಷಯ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಫ್ಲೋರಾ ಫೌಂಟನ್ನಿನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳ ರಾಶಿಯಿಂದ ಒಂದು ಹರಕು ಪುಸ್ತಕ ಎತ್ತಿಕೊಂಡಾಗ. ಬರೆದವರು ರಾಬಿನ್ ನಾಕ್ಸ್-ಜಾನ್‌ಸ್ಟನ್. ದೋಣಿಯ ಹೆಸರು 'ಸುಹೈಲಿ'.

ನಾಕ್ಸ್-ಜಾನ್‌ಸ್ಟನ್ ಆಗ ಬ್ರಿಟಿಷ್ ಇಂಡಿಯಾ ಹಡಗು ಕಂಪೆನಿಯಲ್ಲಿ ಅಧಿಕಾರಿಯಾಗಿದ್ದ ಯುವಕ. ಮುಂಬಯಿಯಲ್ಲಿ ಒಳ್ಳೆಯ ತೇಗ ಸಿಗುತ್ತದೆ, ಕೈಚಳಕದ ಬಡಗಿಗಳಿದ್ದಾರೆ, ಇಲ್ಲಿಯೇ ಒಂದು ದೋಣಿ ಕಟ್ಟಿಸಿ ಇಂಗ್ಲೆಂಡಿಗೆ ಹಾಯಿಸಿಕೊಂಡು ಹೋಗೋಣ ಎಂದು ಗೆಳೆಯರೊಂದಿಗೆ ಸೇರಿ ಯೋಚಿಸಿದ. ಕಟ್ಟಿದ್ದು ವಿಲಿಯಂ ಆಟ್ಕಿನ್ ಎಂಬ ಅಮೆರಿಕದ ವಿನ್ಯಾಸಕಾರ 1920ರ ದಶಕದಲ್ಲಿ ಬರೆದ 'ಎರಿಕ್' ಎಂಬ ಹಳೆಯ ನಕ್ಷೆಯನ್ನು ಹಿಡಿದು. ಅದರ ಮೂಲ ನಾರ್ವೆಯ ಕಡಲಲ್ಲಿ ಜೀವರಕ್ಷಣೆಗೆ ಹೋಗುತ್ತಿದ್ದ, ಎರಡೂ ತುದಿ ಚೂಪಾದ ದೋಣಿಗಳು. ನಮ್ಮ ಬಡಗಿಗಳು ಬಾಚಿಯಿಂದ ಕೆತ್ತಿ, ಹಗ್ಗ ಸುತ್ತಿ ತಿರುಗಿಸುವ ಬೈರಿಗೆಯಿಂದ ತೂತು ಕೊರೆದು ಅದನ್ನು ಕಟ್ಟಿದರು. 1964ರ ಡಿಸೆಂಬರಿನಲ್ಲಿ ಅದು ನೀರಿಗಿಳಿಯಿತು. ಉದ್ದ 32 ಅಡಿ ಚಿಲ್ಲರೆ, ಅಗಲ 11 ಅಡಿ. ಸುಹೈಲಿ ಎಂಬುದು ಪರ್ಷಿಯಾ ಕೊಲ್ಲಿಯಲ್ಲಿ ಬೀಸುವ ಆಗ್ನೇಯ ಗಾಳಿಗೆ ಅರಬ್ ನಾವಿಕರು ಇಟ್ಟ ಹೆಸರು.

1965ರ ಕೊನೆಯಲ್ಲಿ ಆತ, ಆತನ ತಮ್ಮ ಮತ್ತು ಒಬ್ಬ ಗೆಳೆಯ ಮುಂಬಯಿ ಬಿಟ್ಟರು. ಮಸ್ಕತ್, ಮೊಂಬಾಸ ಎಂದು ಆಫ್ರಿಕದ ದಡ ಹಿಡಿದು ಇಳಿದರು. ಕೈಯಲ್ಲಿದ್ದ ದುಡ್ಡು ಮುಗಿದಾಗ ದಕ್ಷಿಣ ಆಫ್ರಿಕದಲ್ಲಿ ನಿಂತು ದುಡಿದರು. ಕೊನೆಗೆ ಕೇಪ್‌ಟೌನಿನಿಂದ ಎಲ್ಲಿಯೂ ನಿಲ್ಲದೆ 74 ದಿನಗಳಲ್ಲಿ, 1967ರಲ್ಲಿ ಲಂಡನ್ನು ಮುಟ್ಟಿದರು.

ಅದೇ 1967ರ ಮೇ 28ರಂದು ಇಂಗ್ಲೆಂಡಿನಲ್ಲಿ ದೊಡ್ಡ ಸಂಭ್ರಮ. ಅರವತ್ತೈದು ವರ್ಷದ ಫ್ರಾನ್ಸಿಸ್ ಚಿಚೆಸ್ಟರ್ ಒಬ್ಬನೇ ದೋಣಿಯಲ್ಲಿ, ಸಿಡ್ನಿಯಲ್ಲಿ ಮಾತ್ರ ನಿಂತು, ಭೂಮಿಯನ್ನು ಸುತ್ತಿ ಪ್ಲಿಮತ್ತಿಗೆ ಮರಳಿದ. ಹಾಯಿ ನಡೆಸಿದ್ದು 226 ದಿನ. ಜನ ಹೂಮಳೆ ಸುರಿಸಿದರು. ಆದರೆ ಚಿಚೆಸ್ಟರನಿಗೆ ತನ್ನ ದೋಣಿಯ ಮೇಲೆ ಸಿಟ್ಟು. ಅವನ ಹಿಂದಿನ ದೋಣಿ 'ಜಿಪ್ಸಿ ಮಾತ್ 3' ಸುಮಾರು 40 ಅಡಿಯದು. 1960ರ ಅಟ್ಲಾಂಟಿಕ್ ಸ್ಪರ್ಧೆಯನ್ನು ಅದರಲ್ಲಿಯೇ ಗೆದ್ದಿದ್ದ. ಈ ಪ್ರಯಾಣಕ್ಕೆಂದು ಹೊಸದಾಗಿ ಕಟ್ಟಿಸಿದ 'ಜಿಪ್ಸಿ ಮಾತ್ 4' 53 ಅಡಿಯನ್ನೂ ದಾಟಿತ್ತು. ಇದು ನನ್ನೊಬ್ಬನ ಕೈಗೆ ತೀರ ದೊಡ್ಡದಾಯಿತು, ಮೂರರಲ್ಲಿ ಒಂದು ಪಾಲು ಗರಗಸದಿಂದ ಕೊಯ್ದು ಹಾಕಿದರೆ ವಾಸಿ ಎಂಬ ಅರ್ಥದ ಮಾತನ್ನು ಅವನು ಮುಚ್ಚುಮರೆಯಿಲ್ಲದೆ ಆಡಿದ.

ಚಿಚೆಸ್ಟರ್ ಒಮ್ಮೆ ನಿಂತಿದ್ದ. ಇನ್ನುಳಿದದ್ದು ಎಲ್ಲಿಯೂ ನಿಲ್ಲದೆ ಸುತ್ತುವುದು. ನಾಕ್ಸ್-ಜಾನ್‌ಸ್ಟನ್ ಅದಕ್ಕೆ ಮನಸ್ಸು ಮಾಡಿದ. ಇಲ್ಲಿಯೇ ನೋಡಿ ಅವನ ಮುಂದೆ ನನ್ನ ಅಳಿಯನ ಪ್ರಶ್ನೆ ಬಂದು ನಿಂತದ್ದು. ಕಾಲಿನ್ ಮ್ಯೂಡಿ ಎಂಬ ಹೆಸರುವಾಸಿ ವಿನ್ಯಾಸಕಾರ ಅವನಿಗಾಗಿ 53 ಅಡಿಯ ಉಕ್ಕಿನ ದೋಣಿಯೊಂದರ ನಕ್ಷೆ ಮಾಡಿದ. ಒಂದು ಕಡೆ ಈ 53 ಅಡಿಯ ಕಾಗದದ ದೋಣಿ. ಇನ್ನೊಂದು ಕಡೆ ನೀರಿನಲ್ಲಿ ತೇಲುತ್ತಿರುವ 32 ಅಡಿಯ ಮುಂಬಯಿಯ ದೋಣಿ. ಅವನ ಮನಸ್ಸು ಇದ್ದದ್ದು ದೊಡ್ಡದರ ಮೇಲೆಯೇ. ಅದಕ್ಕಾಗಿ ಕಂಡ ಕಂಡ ಕಂಪೆನಿಗಳಿಗೆಲ್ಲ ಕಾಗದ ಬರೆದ. ಯಾರೂ ದುಡ್ಡು ಕೊಡಲಿಲ್ಲ. ಹಾಗಾಗಿ ಸುಹೈಲಿಯೇ ಗತಿಯಾಯಿತು. ಅವನೇನೋ ಜ್ಞಾನಿಯಂತೆ ಸಣ್ಣದನ್ನು ಆರಿಸಿಕೊಂಡ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಡತನ ಅವನ ಪರವಾಗಿ ಆರಿಸಿತು.

ಆದರೆ ಬಡತನದ ಆಯ್ಕೆಯಲ್ಲೂ ಒಂದು ಲೆಕ್ಕವಿತ್ತು. ದೋಣಿಯ ಗಾತ್ರದ ಲೆಕ್ಕ ನಮ್ಮ ಕಣ್ಣಂದಾಜಿಗೆ ಸಿಗುವಂಥದಲ್ಲ. 32 ಅಡಿಯ ದೋಣಿಗೂ ಅದೇ ಆಕಾರದ 53 ಅಡಿಯ ದೋಣಿಗೂ ಉದ್ದದಲ್ಲಿ ವ್ಯತ್ಯಾಸ ಒಂದೂಮುಕ್ಕಾಲು ಪಟ್ಟಿಗಿಂತ ಕಡಿಮೆ. ಆದರೆ ಉದ್ದದ ಜೊತೆ ಅಗಲವೂ ಆಳವೂ ಬೆಳೆಯುವುದರಿಂದ ಭಾರ ಸುಮಾರು ನಾಲ್ಕೂವರೆ ಪಟ್ಟು ಆಗುತ್ತದೆ. ಬಿಚ್ಚಿ, ಮಡಚಿ, ಹೊಲಿಯಬೇಕಾದ ಹಾಯಿಯ ಬಟ್ಟೆ ಎರಡೂಮುಕ್ಕಾಲು ಪಟ್ಟು. ಆ ಪ್ರಮಾಣಕ್ಕೆ ಲಂಗರು, ಸರಪಳಿ, ಹಗ್ಗ, ಕೂವೆಮರ ಎಲ್ಲ ದಪ್ಪವಾಗುತ್ತವೆ, ಬಂದರಿನ ಬಾಡಿಗೆಯೂ ಏರುತ್ತದೆ. ಇಷ್ಟಕ್ಕೆಲ್ಲ ಸಿಗುವುದೇನು? ಇಂಥ ಭಾರದ ದೋಣಿಗಳ ವೇಗ ನೀರಿನಲ್ಲಿ ಕುಳಿತ ಉದ್ದದ ವರ್ಗಮೂಲವನ್ನು ಹಿಡಿದು ಏರುವಂಥದು. ಆ ಲೆಕ್ಕದಲ್ಲಿ ನೂರಕ್ಕೆ ಮೂವತ್ತರಷ್ಟೂ ಹೆಚ್ಚಿಲ್ಲ. ಇನ್ನು ಒಳಗೆ ಜಾಗ ಹೆಚ್ಚು, ಅಲೆಯಲ್ಲಿ ಕುಲುಕು ಕಡಿಮೆ. ಇವು ಸಣ್ಣ ಲಾಭಗಳಲ್ಲ. ತಿಂಗಳುಗಟ್ಟಲೆ ಒದ್ದೆಯಲ್ಲಿ ಮಲಗುವವನಿಗೆ ಇವೇ ಪ್ರಾಣ. ಆದರೆ ಲಾಭ ನಡೆದು ಬರುತ್ತದೆ, ಖರ್ಚು ಓಡಿ ಬರುತ್ತದೆ.

1968ರಲ್ಲಿ ಲಂಡನ್ನಿನ 'ಸಂಡೆ ಟೈಮ್ಸ್' ಪತ್ರಿಕೆ ಇದನ್ನೊಂದು ಸ್ಪರ್ಧೆಯಾಗಿ ಸಾರಿತು. ಜೂನ್ 1ರಿಂದ ಅಕ್ಟೋಬರ್ 31ರೊಳಗೆ ಯಾವಾಗ ಬೇಕಾದರೂ ಹೊರಡಬಹುದು. ಮೊದಲು ಬಂದವನಿಗೆ ಚಿನ್ನದ ಗೋಳ. ಕಡಿಮೆ ದಿನಗಳಲ್ಲಿ ಸುತ್ತಿದವನಿಗೆ 5000 ಪೌಂಡು. ಹೊರಟವರು ಒಂಬತ್ತು ಜನ. ದೋಣಿಗಳು 30 ಅಡಿಯಿಂದ 66 ಅಡಿಯವರೆಗೆ. ತನ್ನದು ನಿಧಾನವೆಂದು ತಿಳಿದಿದ್ದ ನಾಕ್ಸ್-ಜಾನ್‌ಸ್ಟನ್ ಜೂನ್ 14ರಂದೇ ಫಾಲ್ಮತ್ ಬಿಟ್ಟ. ದೋಣಿ ಕೈಯಲ್ಲೇ ಇದ್ದುದರಿಂದ ಅದು ಸಾಧ್ಯವಾಯಿತು.

ಸುಹೈಲಿ ಅವನನ್ನು ಸುಖವಾಗಿ ಕರೆದೊಯ್ದಿತು ಎಂದುಕೊಳ್ಳಬೇಡಿ. ಅಟ್ಲಾಂಟಿಕ್‌ನಲ್ಲಿಯೇ ತಳ ಸೋರತೊಡಗಿತು. ಆತ ನೀರಿಗೆ ಧುಮುಕಿ, ಉಸಿರು ಹಿಡಿದು, ಅಡಿಮರದ ಬಳಿಯ ಹಲಗೆಯ ಸಂದಿಗೆ ಹತ್ತಿ ತುರುಕಿ, ಮೇಲೆ ತಾಮ್ರದ ಪಟ್ಟಿ ಹೊಡೆದ. ನಡುವೆ ಒಂದು ಶಾರ್ಕ್ ಬಂತು. ಅದನ್ನು ಗುಂಡಿಟ್ಟು ಕೊಂದು ಮತ್ತೆ ಇಳಿದ. ದಕ್ಷಿಣದ ಮಹಾಸಾಗರದಲ್ಲಿ ಅಲೆ ದೋಣಿಯನ್ನು ಮಗುಚಿ ಮಲಗಿಸಿತು, ಕ್ಯಾಬಿನ್ನಿನ ಮಾಡು ಸರಿಯಿತು. ಟ್ಯಾಂಕಿನ ಕುಡಿಯುವ ನೀರು ಕೆಟ್ಟಿತು. ಅಲ್ಲಿಂದ ಮುಂದೆ ಮಳೆನೀರೇ ಆಧಾರ. ರೇಡಿಯೋ ಹೋಯಿತು. ತಾನಾಗಿ ಚುಕ್ಕಾಣಿ ಹಿಡಿಯುತ್ತಿದ್ದ ಯಂತ್ರ ಆಸ್ಟ್ರೇಲಿಯಾ ತಲುಪುವುದರೊಳಗೆ ಮುರಿಯಿತು. ಅಲ್ಲಿಂದ ಅರ್ಧ ಭೂಮಿಯನ್ನು ಆತ ಹಾಯಿಗಳನ್ನೇ ತೂಗಿಸಿ ದೋಣಿ ನೇರ ಹೋಗುವಂತೆ ಮಾಡಿ ದಾಟಿದ. ಯಾವ ಹಗ್ಗ ಎಳೆದರೆ ಅವಳು ಯಾವ ಕಡೆಗೆ ತಿರುಗುತ್ತಾಳೆ ಎಂದು ಆತನಿಗೆ ಗೊತ್ತಿತ್ತು. ಮುಂಬಯಿಯಿಂದ ಲಂಡನ್ನಿನವರೆಗೆ ಕಲಿತ ಪಾಠ ಅದು. 53 ಅಡಿಯ ಹೊಸ ದೋಣಿಯಲ್ಲಿ ಈ ಪಾಠ ಕಲಿಯುವುದಕ್ಕೆ ಸಮಯವೆಲ್ಲಿತ್ತು?

1969ರ ಏಪ್ರಿಲ್ 22ರಂದು, 312 ದಿನಗಳ ಮೇಲೆ, ತುಕ್ಕು ಕಾರುತ್ತಿದ್ದ ಸುಹೈಲಿ ಫಾಲ್ಮತ್ ಸೇರಿತು. ಸುಮಾರು 30,000 ಮೈಲಿ; ಸರಾಸರಿ ಗಂಟೆಗೆ ನಾಲ್ಕು ನಾವಿಕ ಮೈಲಿ, ಒಬ್ಬ ಮನುಷ್ಯ ಚುರುಕಾಗಿ ನಡೆಯುವ ವೇಗಕ್ಕಿಂತ ಸ್ವಲ್ಪ ಹೆಚ್ಚು. ಒಂಬತ್ತರಲ್ಲಿ ಪೂರ್ತಿ ಸುತ್ತಿ ಮರಳಿದ್ದು ಅದೊಂದೇ. ಎಲ್ಲಕ್ಕಿಂತ ದೊಡ್ಡದಾದ 66 ಅಡಿಯ ದೋಣಿಯ ಇಟಲಿಯವನು ಹೊಟ್ಟೆಯ ಹುಣ್ಣಿನಿಂದ ನರಳಿ ಲಿಸ್ಬನ್ನಿನಲ್ಲೇ ನಿಂತ. 30 ಅಡಿಯ ಮೂರು ದೋಣಿಗಳೂ ಅರ್ಧದಲ್ಲಿ ಬಿಟ್ಟವು. ಹಾಗಾಗಿ ಇದರಿಂದ ಸಣ್ಣದೇ ಮೇಲು ಎಂದು ಗೆರೆ ಎಳೆಯುವುದಕ್ಕೆ ಬರುವುದಿಲ್ಲ. ಫ್ರಾನ್ಸಿನ ಬರ್ನಾರ್ ಮ್ವಾತೆಸ್ಯೆಯ ಉಕ್ಕಿನ 'ಜೋಶುವ' 39 ಅಡಿಯದು; ಸುಹೈಲಿಗಿಂತ ಬಲು ಜೋರಾಗಿ ಬರುತ್ತಿತ್ತು. ಆದರೆ ಆತ ಸ್ಪರ್ಧೆಯ ಗೊಡವೆಯೇ ಬೇಡವೆಂದು ಇಂಗ್ಲೆಂಡಿನ ದಾರಿ ಬಿಟ್ಟು ತಾಹಿತಿಗೆ ಹೊರಟುಹೋದ.

ಈ ಒಂಬತ್ತು ಜನರಲ್ಲಿ ನನ್ನನ್ನು ಬಹಳ ಕಾಲ ಕಾಡಿದವನು ಗೆದ್ದವನಲ್ಲ, ಡೊನಾಲ್ಡ್ ಕ್ರೌಹರ್ಸ್ಟ್. ಮೂವತ್ತಾರರ ಪ್ರಾಯ, ಹೆಂಡತಿ, ನಾಲ್ವರು ಮಕ್ಕಳು. ದೋಣಿಗಳಿಗೆ ಬೇಕಾದ ಎಲೆಕ್ಟ್ರಾನಿಕ್ ಉಪಕರಣ ಮಾಡುವ ಸಣ್ಣ ವ್ಯಾಪಾರ ನೆಲಕಚ್ಚುತ್ತಿತ್ತು. ಈ ಸ್ಪರ್ಧೆಯಿಂದ ಎಲ್ಲ ಸರಿಹೋದೀತೆಂದು ಅವನು 40 ಅಡಿಯ, ಮೂರು ಒಡಲಿನ ಹೊಸ ದೋಣಿ ಕಟ್ಟಿಸಿದ. ದುಡ್ಡು ಇನ್ನೊಬ್ಬರದು. ಪ್ರಯಾಣ ಕೈಬಿಟ್ಟರೆ ದೋಣಿಯ ಬೆಲೆಯನ್ನು ಕ್ರೌಹರ್ಸ್ಟನ ಕಂಪೆನಿಯೇ ತೆರಬೇಕು ಎಂಬ ಕರಾರಿತ್ತು. ಎಂದರೆ ಮರಳಿದರೆ ಮನೆಮಾರು ಹೋಗುತ್ತದೆ. ದೋಣಿ ಇನ್ನೂ ಸಿದ್ಧವಾಗಿರಲಿಲ್ಲ. ಅದು ಅವನಿಗೂ ಗೊತ್ತಿತ್ತು. ಆದರೂ ಕೊನೆಯ ದಿನವಾದ ಅಕ್ಟೋಬರ್ 31ರಂದು ಹೊರಟ. ದೋಣಿ ಸೋರಿತು. ಮುಂದೆ ದಕ್ಷಿಣ ಸಾಗರಕ್ಕೆ ಹೋದರೆ ಸಾವು, ಹಿಂದೆ ಹೋದರೆ ದಿವಾಳಿ. ಅವನು ಎರಡೂ ಮಾಡದೆ ಅಟ್ಲಾಂಟಿಕ್‌ನಲ್ಲೇ ಸುತ್ತುತ್ತ, ಭೂಮಿ ಸುತ್ತುತ್ತಿದ್ದೇನೆಂದು ರೇಡಿಯೋದಲ್ಲಿ ಸುಳ್ಳು ಹೇಳುತ್ತ ಹೋದ. ಅವನು ಹಿಂದೆಯೇ ಬರುತ್ತಿದ್ದಾನೆಂದು ನಂಬಿ ನೈಜೆಲ್ ಟೆಟ್ಲಿ ಎಂಬವನು ತನ್ನ ಜೀರ್ಣವಾದ ದೋಣಿಯನ್ನು ಮಿತಿಮೀರಿ ಓಡಿಸಿ, 1969ರ ಮೇ ತಿಂಗಳಿನಲ್ಲಿ, ಊರು ಹತ್ತಿರವಾಗುತ್ತಿದ್ದಾಗಲೇ ಮುಳುಗಿಸಿಕೊಂಡ. ಜೀವ ಮಾತ್ರ ಉಳಿಯಿತು. ಜುಲೈ 10ರಂದು ಕ್ರೌಹರ್ಸ್ಟನ ದೋಣಿ ಬರಿದಾಗಿ ತೇಲುತ್ತಿದ್ದುದು ಒಂದು ಹಡಗಿನ ಕಣ್ಣಿಗೆ ಬಿತ್ತು. ಅವನು ಸಿಗಲಿಲ್ಲ. ನಾಕ್ಸ್-ಜಾನ್‌ಸ್ಟನ್ ತನಗೆ ಬಂದ 5000 ಪೌಂಡನ್ನು ಕ್ರೌಹರ್ಸ್ಟನ ಹೆಂಡತಿ ಮಕ್ಕಳಿಗೆ ಕೊಟ್ಟುಬಿಟ್ಟ.

ಪುಸ್ತಕಗಳಲ್ಲಿ ಇದನ್ನೆಲ್ಲ ಓದಿದ ರಾತ್ರಿ ಗಿರಗಾಂವಿನ ಖೋಲಿಯಲ್ಲಿ ನನಗೆ ನಿದ್ದೆ ಬರಲಿಲ್ಲ. ಎಲ್ಲಿಯೋ ಕೇಳಿದ ಕತೆ ಅನಿಸಿತು. ಕೇಳಿದ್ದು ಎಲ್ಲಿ ಎಂದು ಹೊಳೆಯಲು ತಡವಾಗಲಿಲ್ಲ.

ಈಗ ಅಜ್ಜಯ್ಯನ ದೊಡ್ಡ ಮಂಜಿಯ ಕತೆಯನ್ನು ಮುಗಿಸುತ್ತೇನೆ. ಅಮ್ಮ ಹೇಳುತ್ತಿದ್ದಂತೆ, ಮೊದಲ ವರ್ಷ ಎಲ್ಲರೂ ಅದನ್ನು ನೋಡಲು ಧಕ್ಕೆಗೆ ಬಂದರಂತೆ. ಆದರೆ ಆರು ಖಲಾಸಿಗಳ ಜಾಗದಲ್ಲಿ ಹನ್ನೊಂದು ಜನ ಬೇಕಾದರು. ಸಣ್ಣ ಮಂಜಿಗೆ ಎರಡು ದಿನದಲ್ಲಿ ಸರಕು ತುಂಬುತ್ತಿತ್ತು; ದೊಡ್ಡದು ಹೆಂಚಿಗಾಗಿ ಮಂಗಳೂರಿನಲ್ಲಿ ವಾರಗಟ್ಟಲೆ ಕಾಯಬೇಕು. ಕಾಯುವ ದಿನಗಳಲ್ಲಿ ಹನ್ನೊಂದು ಹೊಟ್ಟೆಗಳ ಅಕ್ಕಿ ಮುಗಿಯುತ್ತಿತ್ತು, ಸಾಹುಕಾರರ ಬಡ್ಡಿ ಮಾತ್ರ ಕಾಯುತ್ತಿರಲಿಲ್ಲ. ಸಣ್ಣದು ವರ್ಷಕ್ಕೆ ಏಳೆಂಟು ಸಲ ಹೋಗಿ ಬರುತ್ತಿತ್ತು, ದೊಡ್ಡದಕ್ಕೆ ನಾಲ್ಕು ಸಲ ಆಗುವುದೇ ಕಷ್ಟವಾಯಿತು. ಎರಡನೆಯ ವರ್ಷ ಮೇ ತಿಂಗಳ ಕೊನೆಗೆ ಕಂತಿನ ದುಡ್ಡು ಹುಟ್ಟಲಿಲ್ಲ. ಉಳಿದ ಮಂಜಿಗಳೆಲ್ಲ ಅಳಿವೆಯ ಒಳಗೆ ಬಂದಿದ್ದವು. ಪಡುವಣದಲ್ಲಿ ಮೋಡ ಕಟ್ಟಿತ್ತು. "ಈ ಸಲ ಬೇಡ" ಎಂದು ಅಜ್ಜಿ ಬಾಗಿಲಿಗೆ ಅಡ್ಡ ನಿಂತರಂತೆ. "ಇದೊಂದು ಸಲ" ಎಂದರಂತೆ ಅಜ್ಜಯ್ಯ.

ಭಟ್ಕಳ ದಾಟಿ ನೇತ್ರಾಣಿ ಗುಡ್ಡದ ಹತ್ತಿರ ಗಾಳಿ ಹಿಡಿಯಿತು. ಕೂವೆಮರ ಮುರಿದು, ಮಂಜಿ ಹೆಂಚಿನ ಭಾರಕ್ಕೆ ಕುಸಿದು ಹೋಯಿತು. ಒಂಬತ್ತು ಜನ ಹಲಗೆ ಹಿಡಿದು ದಡ ಸೇರಿದರು. ಇಬ್ಬರು ಸೇರಲಿಲ್ಲ, ಒಬ್ಬನಿಗೆ ಹದಿನೇಳು ವರ್ಷ, ನಮ್ಮ ಹಿತ್ತಿಲ ಆಚೆಯ ಮನೆಯವನು. ಅಜ್ಜಯ್ಯ ಮತ್ತೆ ಸಮುದ್ರಕ್ಕೆ ಹೋಗಲಿಲ್ಲ. ತೆಂಗಿನ ತೋಟ ಸಾಲಕ್ಕೆ ಹೋಯಿತು. ಅವರು ಮಾರಿದ ಸಣ್ಣ ಮಂಜಿ ಮಾತ್ರ ಬೇರೆಯವರ ಕೈಯಲ್ಲಿ ಇನ್ನೂ ಹದಿನೈದು ವರ್ಷ ಓಡಾಡಿತು. ಅದು ಅಳಿವೆ ದಾಟಿ ಹೋಗುವುದನ್ನೂ ಬರುವುದನ್ನೂ ಅಜ್ಜಯ್ಯ ದಂಡೆಯಲ್ಲಿ ಕುಳಿತು ನೋಡುತ್ತಿದ್ದರು. ಪ್ರತಿ ನೂಲ ಹುಣ್ಣಿಮೆಗೆ ಎರಡು ಕಾಯಿ ಒಯ್ದು, ಯಾರೊಂದಿಗೂ ಮಾತಾಡದೆ ನೀರಿಗೆ ಬಿಟ್ಟು ಬರುತ್ತಿದ್ದರು.

ದೊಡ್ಡ ಮಂಜಿ ದೊಡ್ಡದಾಗಿದ್ದರಿಂದ ಮುಳುಗಿತೇ? ಅಲ್ಲ. ಅದೇ ಗಾಳಿಗೆ ಸಿಕ್ಕಿದ್ದರೆ ಸಣ್ಣದು ಇನ್ನೂ ಬೇಗ ಮುಳುಗುತ್ತಿತ್ತೋ ಏನೋ. ಆದರೆ ಸಣ್ಣದಾಗಿದ್ದರೆ ಆ ಗಾಳಿಗೆ ಸಿಗುವಂತೆ ಅಜ್ಜಯ್ಯ ಹೊರಡುತ್ತಲೇ ಇರಲಿಲ್ಲ. ಮನೆಯಲ್ಲಿ ಕುಳಿತು ಮಳೆ ನೋಡುತ್ತಿದ್ದರು.

ಸಣ್ಣದರಲ್ಲಿ ಮಂತ್ರವೇನೂ ಇಲ್ಲ ಎನ್ನುವುದಕ್ಕೆ ನಮ್ಮ ಕಾಲದ್ದೇ ಇನ್ನೊಂದು ಸಾಕ್ಷಿಯಿದೆ. ನೌಕಾಪಡೆಯ ಅಭಿಲಾಷ್ ಟೋಮಿ ಒಬ್ಬರೇ ಎಲ್ಲಿಯೂ ನಿಲ್ಲದೆ ಭೂಮಿ ಸುತ್ತಿದ ಮೊದಲ ಭಾರತೀಯರು. 2012ರ ನವೆಂಬರ್ 1ರಂದು ಮುಂಬಯಿ ಬಿಟ್ಟು 2013ರ ಮಾರ್ಚ್ 31ಕ್ಕೆ ಮರಳಿದರು. ಅವರ 'ಮ್ಹಾದೇಯಿ' ಗೋವೆಯಲ್ಲಿ ಕಟ್ಟಿದ 56 ಅಡಿಯ ದೋಣಿ. ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟಿ ಗೋವೆಗೆ ಇಳಿಯುವ ಮಹಾದಾಯಿಯ ಹೆಸರೇ ಅದರದು. ಸುಹೈಲಿಗೆ 312 ದಿನ ಹಿಡಿದದ್ದು ಮ್ಹಾದೇಯಿಗೆ ಸುಮಾರು 150 ದಿನ. ಹಾಯಿ, ಹಗ್ಗ, ಹವಾಮಾನದ ಸುದ್ದಿ ಎಲ್ಲ ಬದಲಾಗಿದ್ದವು ನಿಜ, ಆದರೆ ಉದ್ದದ ಪಾಲೂ ಅದರಲ್ಲಿದೆ. ಅದೇ ಟೋಮಿಯವರು 2018ರಲ್ಲಿ, ಹಳೆಯ ಸ್ಪರ್ಧೆಯ ಐವತ್ತನೆಯ ವರ್ಷದ ನೆನಪಿಗೆ ನಡೆದ ಗೋಲ್ಡನ್ ಗ್ಲೋಬ್ ಸ್ಪರ್ಧೆಗೆ ಹೊರಟದ್ದು 'ತುರೀಯ'ದಲ್ಲಿ. ಅದು ಸುಹೈಲಿಯ ನಕ್ಷೆಯ ಮೇಲೆಯೇ ಗೋವೆಯಲ್ಲಿ ಮರದಿಂದ ಕಟ್ಟಿದ ತದ್ರೂಪು. ಸೆಪ್ಟೆಂಬರ್ 21ರಂದು ಆಸ್ಟ್ರೇಲಿಯಾದಿಂದ ಬಹುದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿ ದೋಣಿಯನ್ನು ಉರುಳಿಸಿ ಕೂವೆಮರ ಮುರಿಯಿತು. ಟೋಮಿಯವರ ಬೆನ್ನುಮೂಳೆಗೆ ಪೆಟ್ಟಾಯಿತು. ಮೂರು ದಿನ ಮಿಸುಕಲಾಗದೆ ಮಲಗಿದ್ದವರನ್ನು 24ರಂದು ಫ್ರಾನ್ಸಿನ ಒಂದು ಹಡಗು ಬಂದು ಎತ್ತಿಕೊಂಡಿತು. ಮುಂಬಯಿಯ ಬಡಗಿಗಳ ದೋಣಿ 1968ರಲ್ಲಿ ಉಳಿದದ್ದರಲ್ಲಿ ಅದೃಷ್ಟದ ಪಾಲೂ ಇತ್ತೆಂದು ಆಗ ನನಗೆ ಅನಿಸಿತು. ಆದರೆ ಅದೇ ಬಿರುಗಾಳಿಯಲ್ಲಿ 36 ಅಡಿಯ ಇನ್ನೊಂದು ದೋಣಿಯ ಕೂವೆಮರವೂ ಮುರಿದಿತ್ತು. ಬೆನ್ನಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಟೋಮಿಯವರು 2022ರ ಸ್ಪರ್ಧೆಗೆ ಮತ್ತೆ ಹೊರಟರು, ಈ ಸಲ 36 ಅಡಿಯ ದೋಣಿಯಲ್ಲಿ. 2023ರ ಏಪ್ರಿಲ್ 29ರಂದು ಎರಡನೆಯವರಾಗಿ ತಲುಪಿದರು.

ಇಷ್ಟನ್ನು ಎರಡು ಮೂರು ಫೋನುಗಳಲ್ಲಿ ಅಳಿಯನಿಗೆ ಹೇಳಿದೆ. ಅವನು ತಾಳ್ಮೆಯಿಂದ ಕೇಳಿ, "ಅದೆಲ್ಲ ಸರಿ ಮಾವ, ನಾನು ಯಾವುದು ತೆಗೆದುಕೊಳ್ಳಲಿ?" ಎಂದ. ಇಂಜಿನಿಯರು ನೋಡಿ, ಉತ್ತರ ಬೇಕು.

"ದೊಡ್ಡದಕ್ಕೆ ದುಡ್ಡು ಎಲ್ಲಿಂದ?" ಎಂದೆ. ಅರ್ಧ ಬ್ಯಾಂಕಿನಿಂದ ಎಂದ. ಆರು ವರ್ಷದ ಕಂತು. ಕಂತು ಕಟ್ಟಲು ನಡುನಡುವೆ ಊರಿಗೆ ಮರಳಿ ಕೆಲಸ ಮಾಡಬೇಕು. ರಜೆಯ ತಾರೀಕಿಗೆ ಸರಿಯಾಗಿ ಹೊರಟು ತಾರೀಕಿಗೆ ಸರಿಯಾಗಿ ಬರಬೇಕು. "ಹಾಗಾದರೆ ನಿನ್ನ ಹವಾಮಾನವನ್ನು ಬ್ಯಾಂಕಿನವರೇ ನೋಡುತ್ತಾರೆ ಅನ್ನು" ಎಂದೆ. ಅವನು ನಕ್ಕ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದ.

ಕೊನೆಗೆ ತೀರ್ಮಾನ ಮಾಡಿದ್ದು ಅವನೂ ಅಲ್ಲ, ನಾನೂ ಅಲ್ಲ; ಅವನ ಹೆಂಡತಿ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ನೀವು ನೀರಿಗೆ ಬಿದ್ದರೆ ಯಾವ ದೋಣಿಯನ್ನು ನಾನೊಬ್ಬಳೇ ತಿರುಗಿಸಿಕೊಂಡು ಬಂದೇನು?" ಮಾರುವವರನ್ನು ಒಪ್ಪಿಸಿ ಒಂದೊಂದು ದಿನ ಎರಡನ್ನೂ ಕೊಲ್ಲಿಯಲ್ಲಿ ಓಡಿಸಿ ನೋಡಿದರಂತೆ. ಒಂದು ದಿಂಬನ್ನು ನೀರಿಗೆ ಎಸೆದು, ಗಂಡ ಕೈಕಟ್ಟಿ ಕುಳಿತು, ಅವಳೊಬ್ಬಳೇ ಹೋಗಿ ಎತ್ತಬೇಕು. ಸಣ್ಣದರಲ್ಲಿ ಮೂರನೆಯ ಪ್ರಯತ್ನಕ್ಕೆ ದಿಂಬು ಸಿಕ್ಕಿತು. ದೊಡ್ಡದರಲ್ಲಿ ಹಾಯಿ ಇಳಿಸುವಷ್ಟರಲ್ಲೇ ದಿಂಬು ಕಣ್ಮರೆಯಾಯಿತು.

32 ಅಡಿಯದನ್ನೇ ಕೊಂಡರು. ಅದರಲ್ಲಿ ಅಳಿಯ ನೆಟ್ಟಗೆ ನಿಂತರೆ ತಲೆ ತಾಗುತ್ತದೆ. ಕುಕ್ಕರು ಇಟ್ಟರೆ ಬಾಣಲೆಗೆ ಜಾಗವಿಲ್ಲ. ಅಲೆ ಬಂದರೆ ಸಾರು ಗೋಡೆಗೆ. ಇದನ್ನೆಲ್ಲ ಅವನು ಫೋನಿನಲ್ಲಿ ಗೊಣಗುತ್ತಲೇ ಇರುತ್ತಾನೆ, ನಾನು ಕೇಳುತ್ತೇನೆ. ಗೊಣಗುವುದಕ್ಕೆ ಅವನಿಗೆ ಹಕ್ಕಿದೆ. ಮುಂದೆ ಯಾವಾಗಲಾದರೂ ಅಲ್ಲಿಯ ಅಲೆಯ ನಡುವೆ ಅವನು ದೊಡ್ಡದನ್ನು ನೆನೆದು ನನ್ನನ್ನು ಬೈದರೂ ಬೈದಾನು.

ಅಲ್ಲಿ ನವೆಂಬರಿನಿಂದ ಏಪ್ರಿಲಿನವರೆಗೆ ಚಂಡಮಾರುತದ ಕಾಲ, ದ್ವೀಪಗಳಿಗೆ ಹೊರಡುವುದು ಮೇ ತಿಂಗಳಲ್ಲಿ. ಹೊರಡಬೇಕಾಗಿದ್ದ ದಿನದ ಹಿಂದಿನ ರಾತ್ರಿ ಫೋನು ಮಾಡಿದ. ಟೋಂಗಾದವರೆಗೆ ಸಾವಿರ ಮೈಲಿಗೂ ಮಿಕ್ಕಿದ ದಾರಿ. ದೋಣಿ ಸಿದ್ಧವಿದೆ, ಅಕ್ಕಿ ಬೇಳೆ ತುಂಬಿದೆ, ಜೊತೆಗೆ ಹೊರಡುವ ನಾಲ್ಕು ದೊಡ್ಡ ದೋಣಿಗಳು ನಾಳೆಯೇ ಹೊರಡುತ್ತವೆ, ಆದರೆ ಉತ್ತರದಲ್ಲಿ ಗಾಳಿಯ ಸೂಚನೆ ಸ್ವಲ್ಪ ಸರಿಯಿಲ್ಲ ಎಂದ.

"ಸಾಲ ಏನಾದರೂ ಇದೆಯೇನೋ?" ಎಂದು ಕೇಳಿದೆ.

"ಇಲ್ಲ ಮಾವ."

"ಹಾಗಾದರೆ ಅವಸರ ಯಾರಿಗೆ?"

ಅವನು ಆರು ದಿನ ಕಾದು ಹೊರಟ. ಆ ಆರು ದಿನವೂ ನಾನು ಸಂಜೆ ದಂಡೆಯ ಕಡೆಗೆ ಹೋಗಿ, ಅಜ್ಜಯ್ಯ ಕೂರುತ್ತಿದ್ದ ಕಡೆ ಸ್ವಲ್ಪ ಹೊತ್ತು ಕುಳಿತು ಬರುತ್ತಿದ್ದೆ. ಅಳಿವೆಯಲ್ಲಿ ಈಗ ಮಂಜಿಗಳಿಲ್ಲ, ಯಂತ್ರದ ದೋಣಿಗಳು. ಅವೂ ಮಳೆಗೆ ಮೊದಲು ಒಂದೊಂದಾಗಿ ಒಳಗೆ ಬರುತ್ತಿದ್ದವು.